ಮೇಲ್ಮನೆಯ ಸಿಪ್ಪೆ

ಅತ್ತೆ ತೀರಿಕೊಂಡು ವರ್ಷಗಳೇ ಉರುಳಿದ್ದರೂ ಬೀದಿಯವರ ಬಾಯಲ್ಲಿ ಅವರಿಬ್ಬರೂ ಇನ್ನೂ ಸೊಸೆಯರೇ. ಕೆಳಗಿನ ಮನೆಯವಳು ದೊಡ್ಡಸೊಸೆ, ಮೇಲಿನ ಮನೆಯವಳು ಚಿಕ್ಕಸೊಸೆ. ಮೊಮ್ಮಕ್ಕಳನ್ನು ಕಂಡ ಹೆಂಗಸರನ್ನು ಹಾಗೆ ಕರೆಯುವುದು ತಮಾಷೆಯೇ ಸರಿ, ಆದರೆ ಅಂಗಡಿಯವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಅದೇ ರೂಢಿಯಾಗಿಬಿಟ್ಟಿತ್ತು. ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಗೇಟು ಒಂದೇ, ಮನೆ ನಂಬರೂ ಒಂದೇ, ಆದರೆ ಓರಗಿತ್ತಿಯರ ನಡುವೆ ಮಾತಿಲ್ಲ.

ನಗರಸಭೆಯವರಿಗೆ ಈ ಜಗಳದ ಸುದ್ದಿ ಯಾರು ಹೇಳಬೇಕು? ಅವರು ತಮ್ಮ ಪಾಡಿಗೆ ಮನೆ ನಂಬರಿಗೊಂದರಂತೆ ಗಾಲಿಯಿರುವ ದೊಡ್ಡ ಹಸಿರು ಡಬ್ಬಿ ಹಂಚಿಕೊಂಡು ಬಂದರು. ಜೊತೆಗೆ ಅಡುಗೆಮನೆಗೊಂದು ಪುಟ್ಟ ಹಸಿರು ಬಕೆಟ್. ಹಸಿ ಕಸವನ್ನು ಬಕೆಟ್ಟಿನಲ್ಲಿ ಕೂಡಿಟ್ಟು ಡಬ್ಬಿಗೆ ಸುರಿಯಬೇಕು, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಗೇಟಿನಾಚೆ ಇಡಬೇಕು, ಲಾರಿ ಬಂದು ಒಯ್ದು ಗೊಬ್ಬರ ಮಾಡುತ್ತದೆ. ಸಿಪ್ಪೆ, ಮಿಕ್ಕ ಊಟ, ಚಹಾದ ಚರಟ, ಮೊಟ್ಟೆಯ ಚಿಪ್ಪು, ಬಾಡಿದ ಹೂವು ಎಲ್ಲ ಹಾಕಬಹುದು. ಪ್ಲಾಸ್ಟಿಕ್ಕು, ಗಾಜು, ಕಬ್ಬಿಣ, ರಬ್ಬರ್ ಬ್ಯಾಂಡು ಕೂಡದು. ಹಸಿರು ಕೋಟು ತೊಟ್ಟ ತಪಾಸಣೆಯವಳು ಮುಚ್ಚಳ ಎತ್ತಿ ಇಣುಕಿ ನೋಡುತ್ತಾಳೆ. ತಪ್ಪು ಕಂಡರೆ ಡಬ್ಬಿಯ ಹಣೆಗೆ ಕೆಂಪು ಚೀಟಿ. ಮೂರು ಚೀಟಿಯಾದರೆ ಡಬ್ಬಿ ವಾಪಸ್.

ಹೀಗೆ, ಒಡತಿಯರು ಮುಖ ಊದಿಸಿಕೊಂಡಿದ್ದರೂ ಎರಡು ಮನೆಯ ಸಿಪ್ಪೆಗಳು ಮಾತ್ರ ಒಂದೇ ಡಬ್ಬಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗತೊಡಗಿದವು.

ಮೊದಲ ವಾರ ದೊಡ್ಡಸೊಸೆ ಮೂಗು ಮುರಿದಳು. ಎರಡನೆಯ ವಾರ, ನಿಯಮ ಸರಿಯಾಗಿ ಪಾಲಿಸಿದ್ದಾರೋ ಇಲ್ಲವೋ ನೋಡೋಣ ಎಂಬ ನೆಪ ಮಾಡಿಕೊಂಡು ಮುಚ್ಚಳ ತೆಗೆದಳು. ಮೇಲೆಯೇ ಬಿದ್ದಿತ್ತು ಒಂದು ಆಲೂಗಡ್ಡೆ ಸಿಪ್ಪೆ. ಎಲ್ಲೂ ಕಡಿಯದೆ, ರಿಬ್ಬನ್ನಿನಂತೆ ಸುರುಳಿ ಸುತ್ತಿಕೊಂಡಿದ್ದ ಉದ್ದನೆಯ ಸಿಪ್ಪೆ. ಅದನ್ನು ನೋಡಿದ್ದೇ ತಡ, ಅವಳಿಗೆ ಚಿಕ್ಕವಳ ಕೈಯ ಗುರುತು ಸಿಕ್ಕಿತು.

ಅತ್ತೆಯ ಕಾಲದಲ್ಲಿ ಅಡುಗೆಮನೆ ಒಂದೇ ಇತ್ತು. ಕಿಟಕಿಯ ಕೆಳಗೊಂದು ಉದ್ದನೆಯ ಬೆಂಚು, ಬೆಂಚಿನ ಮೇಲೆ ಇಬ್ಬರು ಸೊಸೆಯರು, ಎದುರು ಕುರ್ಚಿಯಲ್ಲಿ ಅತ್ತೆ. ಆ ಮಹಾತಾಯಿ ಯಾರಿಗೂ ಸೊಪ್ಪು ಹಾಕುವವಳಲ್ಲ. ಹಿತ್ತಲ ಗೊಬ್ಬರದ ಗುಂಡಿಗೆ ಹೋಗುವ ಬುಟ್ಟಿಯನ್ನು ಮೊದಲು ಅವಳ ಮುಂದೆ ಹಿಡಿಯಬೇಕು. ಒಂದೊಂದೇ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡುವಳು. "ಇದೇನೇ ದೊಡ್ಡವಳೇ, ಸಿಪ್ಪೆ ತೆಗೆದಿದ್ದೋ ಗೋಡೆ ಒಡೆದಿದ್ದೋ? ಗುಂಡಿಗೆ ಬಡಿಸೋಕೆ ಹೊರಟಿದೀಯಾ?" ಎಂದು ದೊಡ್ಡಸೊಸೆಯ ಮಾನ ತೆಗೆಯುವಳು. ಚಿಕ್ಕಸೊಸೆಯ ಸಿಪ್ಪೆಯೋ, ಆಚೆ ಬದಿಯ ಬೆರಳು ಕಾಣುವಷ್ಟು ತೆಳ್ಳಗೆ. ಯಾರದು ಉದ್ದ ಎಂದು ದಿನವೂ ಪಂದ್ಯ. ಗೆದ್ದವಳಿಗೆ ಬಹುಮಾನವೆಂದರೆ ಅವತ್ತು ಪಾತ್ರೆ ತೊಳೆಯುವಂತಿಲ್ಲ. ಚಿಕ್ಕವಳು ಗೆಲ್ಲುವಳು, ಗೆದ್ದೂ ಬಂದು ಪಾತ್ರೆಗೆ ಕೈ ಹಾಕುವಳು. "ಬಿಡಕ್ಕಾ, ಒಬ್ಬಳೇ ಎಷ್ಟು ಅಂತ ಉಜ್ಜುತ್ತೀಯಾ" ಎನ್ನುವಳು. ನೀರೆರಚಾಟ, ನಗು, ಒಳಗಿನಿಂದ ಅತ್ತೆಯ ಗದರಿಕೆ. ಅಂಥ ಮಧ್ಯಾಹ್ನಗಳು ಎಷ್ಟೋ. ಆಗ ಅವುಗಳ ಬೆಲೆ ಯಾರಿಗೆ ಗೊತ್ತಿತ್ತು?

ಆ ಅಡುಗೆಮನೆ ಒಡೆದಿದ್ದು ಒಂದೇ ಒಂದು ಮಾತಿಗೆ. ಅತ್ತೆ ಹಾಸಿಗೆ ಹಿಡಿದಿದ್ದಳು. ಹಗಲು ಚಿಕ್ಕವಳ ಸರದಿ, ರಾತ್ರಿ ದೊಡ್ಡವಳದು. ಒಂದು ಬೆಳಗಿನ ಜಾವ ದೊಡ್ಡವಳಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಅತ್ತೆ ಇರಲಿಲ್ಲ. ನೆಂಟರೆಲ್ಲ ಸೇರಿದ್ದಾಗ ಚಿಕ್ಕವಳು ಅಳುತ್ತಳುತ್ತಲೇ ಅಂದುಬಿಟ್ಟಳು: "ಇವಳು ನಿದ್ದೆ ಹೊಡೀತಾ ಕೂತಿದ್ದಳು. ಅಮ್ಮನಿಗೆ ಒಂದು ಗುಟುಕು ನೀರೂ ಸಿಗಲಿಲ್ಲ."

ಅಷ್ಟೇ. ದೊಡ್ಡಸೊಸೆಯ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ, ಅವಳ ಪರವಾಗಿ ಒಂದು ಮಾತಾಡಲು ಯಾರೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಇನ್ನೊಂದು ಒಲೆ ಹೊತ್ತಿತು, ಹಿತ್ತಲ ಗುಂಡಿ ಮುಚ್ಚಿತು. ಚಿಕ್ಕವಳು ತಾನಾಗಿ ಇಳಿದು ಬಂದು ತಪ್ಪಾಯಿತು ಎನ್ನುವವರೆಗೆ ಈ ಮೆಟ್ಟಿಲು ತುಳಿಯುವುದಿಲ್ಲ ಎಂದು ದೊಡ್ಡವಳು ಶಪಥ ಮಾಡಿಕೊಂಡಳು. ಚಿಕ್ಕವಳು ಇಳಿಯಲಿಲ್ಲ.

ಈಗ ನೋಡಿದರೆ ಈ ಡಬ್ಬಿ ಬಂದು ಕೂತಿದೆ. ಸೋಮವಾರ ಮತ್ತು ಗುರುವಾರದ ಸಂಜೆಗಾಗಿ ದೊಡ್ಡಸೊಸೆ ಕಾಯುವಂತಾಯಿತು. ಬಾಳೆಹಣ್ಣಿನ ಸಿಪ್ಪೆ ರಾಶಿ ಬಿದ್ದಿದ್ದರೆ ದೂರದೂರಿಗೆ ಲಾರಿ ಓಡಿಸುವ ಮೈದುನ, ಚಿಕ್ಕವಳ ಗಂಡ, ಊರಿಗೆ ಬಂದಿದ್ದಾನೆ ಎಂದರ್ಥ. ಕಲ್ಲಂಗಡಿಯ ದಪ್ಪ ಸಿಪ್ಪೆಯ ತುದಿಯಲ್ಲಿ ಪುಟ್ಟ ಹಲ್ಲಿನ ಗುರುತಿದ್ದರೆ ಚಿಕ್ಕವಳ ಮಗಳು ಕೂಸನ್ನು ಕರೆದುಕೊಂಡು ಬಂದಿದ್ದಾಳೆ. ಶುಂಠಿ, ನಿಂಬೆಯ ಸಿಪ್ಪೆ ಮೂರು ದಿನ ಬಿಡದೆ ಬಂದರೆ ಯಾರಿಗೋ ನೆಗಡಿ. ಮಾತಿಲ್ಲದಿದ್ದರೇನು, ಮೇಲ್ಮನೆಯ ಸಮಾಚಾರವೆಲ್ಲ ಕೈಗೆ ಸಿಗುತ್ತಿತ್ತು. ಅದು ಸಿಕ್ಕ ದಿನ ಅವಳಿಗೆ ಊಟ ರುಚಿಸುತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ, ಸತ್ತರೂ, ಒಪ್ಪಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಡಬ್ಬಿಯಲ್ಲಿ ಎಡವಟ್ಟು ಶುರುವಾಯಿತು. ಒಂದು ದಿನ ಸೊಪ್ಪಿನ ಕಡ್ಡಿಗಳ ಜೊತೆ ರಬ್ಬರ್ ಬ್ಯಾಂಡು. ಇನ್ನೊಂದು ದಿನ ಹಾಲಿನ ಪ್ಯಾಕೆಟ್ಟಿನ ತುಂಡು. ದೊಡ್ಡಸೊಸೆ ಗೊಣಗುತ್ತಲೇ ಸೊಂಟ ಬಗ್ಗಿಸಿ ಆರಿಸಿ ತೆಗೆದಳು. ಎಷ್ಟು ಆರಿಸಿದರೂ ತಳದಲ್ಲಿ ಒಂದು ಬಾಟಲಿಯ ಮುಚ್ಚಳ ಉಳಿದೇ ಬಿಟ್ಟಿತ್ತು. ಮೊದಲ ಕೆಂಪು ಚೀಟಿ ಬಿತ್ತು. ಮುಂದಿನ ವಾರ ಎರಡನೆಯದು.

"ಅದು ನಮ್ಮದಲ್ಲಮ್ಮಾ, ಮೇಲಿನವರದು" ಎಂದು ಅವಳು ತಪಾಸಣೆಯವಳಿಗೆ ಗಂಟು ಬಿದ್ದಳು.

"ನಂಗೆ ಮೇಲೆ ಕೆಳಗೆ ಎಲ್ಲಾ ಗೊತ್ತಿಲ್ಲ ಅಮ್ಮಾ. ಮನೆ ಒಂದು, ಡಬ್ಬಿ ಒಂದು. ಇನ್ನೊಂದು ಚೀಟಿ ಬಿದ್ರೆ ಎತ್ಕೊಂಡು ಹೋಗ್ತೀವಿ ಅಷ್ಟೇ. ಅದಕ್ಕೆ ಮುಂಚೆ ನಾನೇ ಒಂದ್ಸಲ ಮನೆಯವರ ಹತ್ರ ಬಂದು ಮಾತಾಡ್ತೀನಿ" ಎಂದಳು ಅವಳು.

ಡಬ್ಬಿ ಹೋದರೆ ಮೇಲ್ಮನೆಯ ಸುದ್ದಿಯೂ ಹೋದಂತೆ. ಅದನ್ನು ನೆನೆದು ದೊಡ್ಡಸೊಸೆಗೆ ಮೊದಲು ಹೆದರಿಕೆ, ಆಮೇಲೆ ಸಿಟ್ಟು ಬಂತು. ಇವಳು ಬೇಕಂತಲೇ ಮಾಡುತ್ತಿದ್ದಾಳೆ, ನನ್ನ ಜೊತೆ ಒಂದು ಡಬ್ಬಿಯನ್ನೂ ಹಂಚಿಕೊಳ್ಳಲಾರದಷ್ಟು ಹೊಟ್ಟೆಯುರಿ ಎಂದುಕೊಂಡಳು. ಆ ಗುರುವಾರ ಸಿಪ್ಪೆಗಳ ನಡುವೆ ಒಂದು ಚಮಚ ಸಿಕ್ಕಿತು ನೋಡಿ, ಅವಳ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಚಮಚ. ಪಾಲಾಗುವಾಗ ಅತ್ತೆಯ ಚಮಚದ ಕಟ್ಟನ್ನು ಚಿಕ್ಕವಳು ಅತ್ತು ಕರೆದು ತನಗೇ ಬೇಕೆಂದು ಇಟ್ಟುಕೊಂಡಿದ್ದಳು. ಈಗ ಕಸಕ್ಕೆ ಎಸೆಯುತ್ತಾಳೆಯೇ? ಇವತ್ತು ಒಂದು ಕೈ ನೋಡೇಬಿಡುತ್ತೇನೆ ಎಂದು ದೊಡ್ಡಸೊಸೆ ತೋಳೇರಿಸಿದಳು. ಇನ್ನೂ ಏನೇನು ಬಿಸಾಡಿದ್ದಾಳೋ ನೋಡೋಣ ಎಂದು ಮೊಣಕೈವರೆಗೆ ಡಬ್ಬಿಯೊಳಗೆ ಕೈ ತೂರಿಸಿದಳು.

ಕೈಗೆ ಸಿಕ್ಕಿದ್ದು ಆಲೂಗಡ್ಡೆ. ಸಿಪ್ಪೆಯಲ್ಲ, ಆಲೂಗಡ್ಡೆಯೇ. ಸಿಪ್ಪೆ ತೆಗೆದು, ತೊಳೆದು, ಇನ್ನೇನು ಪಾತ್ರೆಗೆ ಹಾಕಬೇಕಿದ್ದ ಬೆಳ್ಳನೆಯ ಆಲೂಗಡ್ಡೆಗಳು. ಒಂದು, ಎರಡು, ಇನ್ನೂ ಇದ್ದವು.

"ಅಯ್ಯೋ ಮಂಕೇ! ಗಡ್ಡೆ ಬಿಸಾಡಿ ಸಿಪ್ಪೆ ಬೇಯಿಸಿಟ್ಟಳೇನೋ" ಎಂದು ಅವಳಿಗೆ ನಗು ಉಕ್ಕಿತು. ನಗುತ್ತ ಗಡ್ಡೆಯನ್ನು ತಿರುಗಿಸಿ ನೋಡಿದಳು. ಒಂದು ಬದಿಯಲ್ಲಿ ಸಿಪ್ಪೆ ಹಾಗೇ ಉಳಿದಿತ್ತು, ಇನ್ನೊಂದು ಬದಿ ಬೆರಳಗಲ ಕೆತ್ತಿಹೋಗಿತ್ತು. ಇದು ಚಿಕ್ಕವಳ ಕೈಯಲ್ಲ. ಅಲ್ಲ, ಕೈ ಅವಳದೇ. ಮತ್ತೆ? ದೊಡ್ಡಸೊಸೆ ಲೆಕ್ಕ ಹಾಕಿ ನೋಡಿದಳು. ರಬ್ಬರ್ ಬ್ಯಾಂಡು, ಮುಚ್ಚಳ, ಚಮಚ ಎಲ್ಲ ಬಂದಿದ್ದು ಬಾಳೆಹಣ್ಣಿನ ಸಿಪ್ಪೆ ಇಲ್ಲದ ದಿನಗಳಲ್ಲೇ. ಮೈದುನ ಮನೆಯಲ್ಲಿದ್ದಾಗ ಒಂದು ತಪ್ಪೂ ಇರಲಿಲ್ಲ. ಅವನು ಆರಿಸಿ ಕೊಡುತ್ತಿದ್ದ. ಅವನಿಲ್ಲದಾಗ ಅವಳು ತಡಕಾಡುತ್ತಿದ್ದಳು. ಅವಳಿಗೆ ಕಣ್ಣು ಕಾಣುತ್ತಿಲ್ಲ.

ದೊಡ್ಡಸೊಸೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಹತ್ತಬೇಕೋ ಬೇಡವೋ? ಶಪಥ ಹಾಳಾಗಲಿ, ಅದು ಯಾರಿಗೆ ಬೇಕು. ಆದರೆ ಮೇಲೆ ಹೋದಾಗ ಬಾಗಿಲು ಹಾಕಿಕೊಂಡರೆ? 'ನೋಡೋಕೆ ಬಂದ್ಯಾ, ತಮಾಷೆ ನೋಡೋಕೆ ಬಂದ್ಯಾ' ಎಂದುಬಿಟ್ಟರೆ? ಇನ್ನೊಂದು ಮಾತನ್ನು ನುಂಗಿಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದಳು. ಆಲೂಗಡ್ಡೆಗಳನ್ನೂ ಚಮಚವನ್ನೂ ತನ್ನ ಹಸಿರು ಬಕೆಟ್ಟಿಗೆ ಹಾಕಿಕೊಂಡು, ಕಂಬಿ ಹಿಡಿದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಚಿಕ್ಕಸೊಸೆ ಕಿಟಕಿಯ ಪಕ್ಕ ಮೇಜಿಗೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಎಡಗಡೆ ಬಟ್ಟಲು, ಬಲಗಡೆ ಹಸಿರು ಬಕೆಟ್. ಪ್ರತಿ ಸಲವೂ ಕೈಯಾಡಿಸಿ ಯಾವುದು ಯಾವುದೆಂದು ಮುಟ್ಟಿ ನೋಡಿಯೇ ಹಾಕುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿ, ಕತ್ತನ್ನು ಕೊಂಚ ವಾಲಿಸಿ, ಬಾಗಿಲಲ್ಲಿದ್ದ ಹಸಿರನ್ನು ನೋಡಿದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಚೀಟಿ ವಿಷಯ ಮಾತಾಡೋಕೆ ಮನೆಗೇ ಬರ್ತಾರಂತೆ ಅಂತ ಮೊನ್ನೆ ಊರಿಗೆ ಬಂದಾಗ ನಮ್ಮನೆಯವರು ಹೇಳಿದ್ರು" ಎಂದಳು.

ದೊಡ್ಡಸೊಸೆ ಹೊಸ್ತಿಲಲ್ಲೇ ನಿಂತಳು. ನಾಲ್ಕು ಹೆಜ್ಜೆಯಾಚೆ ನಿಂತವಳನ್ನು ಇವಳು ಬಕೆಟ್ಟಿನ ಹಸಿರು ಕಂಡು ಹಸಿರು ಕೋಟಿನ ತಪಾಸಣೆಯವಳು ಎಂದುಕೊಂಡಿದ್ದಾಳೆ!

"ತಪ್ಪೆಲ್ಲಾ ನಂದೇ ಮೇಡಂ. ಕಣ್ಣಿನ ನಡುಭಾಗ ಹೋಗ್ಬಿಟ್ಟಿದೆ. ಅಂಚಲ್ಲಿ ಏನೋ ಬಣ್ಣ ಕಾಣುತ್ತೆ, ಎದುರಿಗಿರೋದು ಮಾತ್ರ ಕಾಣಲ್ಲ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಚೀಟಿ ಹಾಕೋದಾದ್ರೆ ಹಾಕಿ, ಆದ್ರೆ ಕೆಳಗಿನವರನ್ನ ಬೈಬೇಡಿ. ಅವಳು ಸೊಂಟನೋವು ಇಟ್ಕೊಂಡು ಬಗ್ಗಿ ಬಗ್ಗಿ ನಾನು ಮಾಡಿದ್ದನ್ನೆಲ್ಲ ಸರಿ ಮಾಡ್ತಾಳೆ. ಮೇಲಿಂದ ನಂಗೆ ಕೇಳಿಸುತ್ತೆ, ಮುಚ್ಚಳದ ಸದ್ದು, ಅವಳ ಗೊಣಗಾಟ." ಚಿಕ್ಕಸೊಸೆ ಸಣ್ಣಗೆ ನಕ್ಕಳು. "ಗೊಣಗೋದು ಕೇಳಿದ್ರೆ ಸಮಾಧಾನ ಆಗುತ್ತೆ ನಂಗೆ. ಇನ್ನೊಂದು ಮಾತು. ನನ್ನ ಕಣ್ಣಿನ ವಿಷಯ ಅವಳ ಹತ್ರ ಎತ್ತಬೇಡಿ. ನಮ್ಮನೆಯವರ ಹತ್ರ ಆಣೆ ಹಾಕಿಸ್ಕೊಂಡಿದೀನಿ."

ದೊಡ್ಡಸೊಸೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಕ್ಕವಳ ಕೈ ಬಟಾಣಿಯ ಸಿಪ್ಪೆಯನ್ನು ಸುಮ್ಮನೆ ಹಿಸುಕುತ್ತಿತ್ತು.

"ಏನಿಲ್ಲ ಮೇಡಂ, ಒಂದು ಮಾತು ಆಡ್ಬಿಟ್ಟಿದ್ದೆ ಅವಳಿಗೆ. ಅವಳು ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ನಂಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಇಳಿದು ಹೋಗಿ ಕಾಲು ಹಿಡ್ಕೊಳ್ಳೋಣ ಅಂದ್ಕೊಂಡು ಇವತ್ತು ನಾಳೆ ಅಂತ ತಳ್ಳಿದೆ. ಅಷ್ಟರಲ್ಲಿ ಕಣ್ಣು ಹೋಯ್ತು. ಈಗ ಹೋಗಿ ತಪ್ಪಾಯ್ತು ಅಂದ್ರೆ ಏನಂದ್ಕೊಳ್ತಾಳೆ? ಕೈ ಹಿಡಿಯೋರು ಬೇಕಾಯ್ತು, ಅದಕ್ಕೆ ಬಂದ್ಲು ಅಂದ್ಕೊಳ್ತಾಳೆ. ಅಲ್ವಾ?"

ದೊಡ್ಡಸೊಸೆ ಉತ್ತರ ಕೊಡಲು ಬಾಯಿ ತೆರೆದಳು. ಒಮ್ಮೆ ಕೆಮ್ಮಿದಳು. ಆ ಕೆಮ್ಮಿಗೆ ಚಿಕ್ಕವಳ ಕೈ ನಿಂತಿತು.

"ನಾನು ಕಣೇ ಚಿಕ್ಕವಳೇ" ಎಂದಳು ದೊಡ್ಡಸೊಸೆ. "ಹಾಗೆಲ್ಲ ಏನೂ ಅಂದ್ಕೊಳ್ಳಲ್ಲ ನಾನು."

ಬಟ್ಟಲು ಮಗುಚಿ ಬಟಾಣಿಯೆಲ್ಲ ನೆಲಕ್ಕೆ ಉರುಳಿತು. ಯಾರೂ ಆರಿಸಲು ಹೋಗಲಿಲ್ಲ. ಚಿಕ್ಕಸೊಸೆ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದಳು. ದೊಡ್ಡಸೊಸೆ ಬಕೆಟ್ ಕೆಳಗಿಟ್ಟು ಹೋಗಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ನಾಚಿಕೆ ಬಿಟ್ಟು ಅತ್ತರು.

"ಪೂರ್ತಿ ಕೇಳಿಸ್ಕೊಂಡ್ಯಾ?"

"ಕಿವಿ ಇನ್ನೂ ಗಟ್ಟಿಯಾಗೇ ಇದೆ ನಂಗೆ."

"ಕಳ್ಳಿ! ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?" ಎಂದು ಚಿಕ್ಕವಳು ಅವಳ ಬೆನ್ನಿಗೆ ಗುದ್ದಿದಳು. ಆಮೇಲೆ ಅವಳನ್ನು ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿ, ಕತ್ತು ಆ ಕಡೆ ವಾಲಿಸಿ, ಈ ಕಡೆ ವಾಲಿಸಿ, ಕಣ್ಣಿನ ಅಂಚಿನಿಂದ ಅವಳ ಮುಖವನ್ನು ಹಿಡಿಯಲು ನೋಡಿದಳು. ಮುಖ ಸಿಗಲಿಲ್ಲ. ಇಷ್ಟು ವರ್ಷ ಮೆಟ್ಟಿಲ ಬಳಿ ದಿನಕ್ಕೆ ಎಷ್ಟು ಸಲ ಎದುರಾಗಿದ್ದರೋ, ಅಷ್ಟೂ ಸಲ ಇಬ್ಬರೂ ಮುಖ ತಿರುಗಿಸಿಕೊಂಡು ಹೋದವರೇ.

"ಕಣ್ಣಿದ್ದಾಗ ನಿನ್ನ ಮುಖ ನೋಡ್ಲಿಲ್ಲ ನೋಡಕ್ಕಾ" ಎಂದಳು ಚಿಕ್ಕಸೊಸೆ. "ಈಗ ಹೇಗಿದೀಯ ಹೇಳು. ಕೂದಲೆಲ್ಲ ಬೆಳ್ಳಗಾಯ್ತಾ?"

ದೊಡ್ಡಸೊಸೆ ತನ್ನ ತುರುಬು ಮುಟ್ಟಿಕೊಂಡಳು. ಅವಳ ತಲೆಯಲ್ಲಿ ಹುಡುಕಿದರೂ ಒಂದು ಕರಿಕೂದಲು ಉಳಿದಿರಲಿಲ್ಲ.

"ಇಲ್ವಲ್ಲೇ" ಎಂದಳು ಅವಳು. "ನೀನು ನೋಡಿದ್ದೆಯಲ್ಲ, ಹಾಗೇ ಇದೀನಿ."