ದೀಪ ಹಿಡಿಯುವ ಕೈ

"ಅಮ್ಮಾ, ಅಪ್ಪನ್ನ ಹಾಲ್‌ನಲ್ಲಿ ಮಲಗಿಸಿದ್ದಾರೆ. ನೀನು ನೋಡಿದ್ರೆ ಇಲ್ಲಿ ಎಣ್ಣೆ ಬಿಡ್ತಾ ಕೂತಿದ್ದೀಯಲ್ಲ!"

ಮಗಳು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿ ತಲೆ ಎತ್ತಲಿಲ್ಲ. ಮೇಜಿನ ವೈಸಿನ ಇಕ್ಕಳದಲ್ಲಿ ಬಿಗಿದಿದ್ದ ಹಳೆಯ ಕೋವಿಯಲ್ಲಿ ತುಕ್ಕು ಹಿಡಿದು ಕೂತಿದ್ದ ತಿರುಪುಮೊಳೆಯ ಮೇಲೆ ಒಂದು ಹನಿ ಇಳಿಸಿ, ಅದು ಇಂಗುವವರೆಗೂ ನೋಡಿದಳು.

"ಬೆಳಗಿನ ಎಣ್ಣೆ ತಪ್ಪಿಸಬಾರದು ಅಂತಿದ್ರು ನಿಮ್ಮಪ್ಪ. ನಡಿ, ಬಂದೆ."

ಹಾಲ್‌ನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಪಕ್ಕದ ಅಂಗಡಿಯ ಕ್ಷೌರಿಕ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ನಮ್ಮಪ್ಪನ ಕೋವಿ ರಿಪೇರಿಗೆ ಇವರು ಆರು ತಿಂಗಳು ಕಾಯಿಸಿದ್ರು. ಕೇಳಿದ್ರೆ, ಸ್ಕ್ರೂ ಇನ್ನೂ ಮನಸ್ಸು ಮಾಡಿಲ್ಲ ಅನ್ನೋರು. ತಾವು ಮಾತ್ರ ಯಾರನ್ನೂ ಕಾಯಿಸ್ದೆ ಹೊರಟುಬಿಟ್ರು."

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಒಳಗಿದ್ದ ಕೋವಿ ವಕೀಲರದು. ಅವರು ಶವದ ಮೇಲೆ ಹೂವಿಟ್ಟು ಅವಳ ಹತ್ತಿರ ಬಂದರು. "ಇವತ್ತು ಹೇಳೋ ಮಾತಲ್ಲ ಅಮ್ಮಾ. ನಮ್ಮಣ್ಣನಿಗೆ ಕೋವಿ ಸಂಜೆಯೊಳಗೆ ಬೇಕಂತೆ. ಆ ಸ್ಕ್ರೂಗೆ ಗ್ಯಾರೇಜಲ್ಲಿ ಡ್ರಿಲ್ ಹೊಡೆಸ್ತಾನಂತೆ. ನನ್ನ ಮಾತು ಎಲ್ಲಿ ಕೇಳ್ತಾನೆ?"

"ಡ್ರಿಲ್ಲಾ?" ಗಂಡನಿಗೆ ಕೇಳಿಸಿತೇನೋ ಎಂಬಂತೆ ಅವಳು ಅತ್ತ ನೋಡಿದಳು. "ಇವರನ್ನ ಒಯ್ಯೋ ವ್ಯಾನು ಬರೋವರೆಗಾದ್ರೂ ಇರಿ."

"ಯಾರು ಬಿಚ್ತಾರೆ?"

ಅವಳು ಆಗಲೇ ಎದ್ದಿದ್ದಳು.

*

ಮದುವೆಯಾದ ಹೊಸತರಲ್ಲಿ ಒಮ್ಮೆ ಅವನು ಅವಸರ ಮಾಡಿದ್ದ. ಸ್ಕ್ರೂಡ್ರೈವರ್ ಜಾರಿ, ಕೋವಿಯ ಮೇಲೆ ಯಾರೋ ಎಂದೋ ಕೆತ್ತಿದ್ದ ಜಿಂಕೆಯ ಕತ್ತಿಗೆ ಗೀರು ಬಿತ್ತು. ಅಂದು ಅವನು ಊಟಕ್ಕೆ ಏಳಲಿಲ್ಲ. ಮರುದಿನ ಅವಳ ಕೈಗೆ ದೀಪ ಕೊಟ್ಟ.

"ಹಿಡ್ಕೋ. ನೀನು ನೋಡ್ತಿದ್ರೆ ನಂಗೆ ಅವಸರ ಬರಲ್ಲ."

ಅಂದಿನಿಂದ ದೀಪ ಅವಳದಾಯಿತು. ತಿರುಪಿನ ಸೀಳಿಗೆ ಸರಿಯಾಗುವಂತೆ ಅವನು ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜುವುದನ್ನು, ಕಾದ ಕಬ್ಬಿಣ ತಾಗಿಸುವುದನ್ನು ನೋಡುತ್ತಲೇ ಬಂದಳು. ತಾನಾಗಿ ಏನನ್ನೂ ಮುಟ್ಟಲಿಲ್ಲ.

"ಬಿಚ್ಚೋಕೆ ಮುಂಚೆ ಒಂಚೂರು ಬಿಗಿ ಮಾಡ್ಬೇಕು ಕಣೇ," ಎನ್ನುತ್ತಿದ್ದ ಅವನು. "ಮೊದಲು ತುಕ್ಕು ಬಿರೀಲಿ."

*

ಈ ತಿರುಪಿಗೆಂದು ಅವನು ಉಜ್ಜಿಟ್ಟಿದ್ದ ಸ್ಕ್ರೂಡ್ರೈವರ್ ಬಟ್ಟೆಯಲ್ಲಿ ಸುತ್ತಿದ ಹಾಗೇ ಇತ್ತು. ಅವಳು ಕಬ್ಬಿಣ ಕಾಯಿಸಿ ತಿರುಪಿನ ತಲೆಗೆ ಹಿಡಿದಳು. ಎಣ್ಣೆ ಸಣ್ಣಗೆ ಹೊಗೆಯಾಡಿತು.

"ಜಾರಿಬಿಟ್ರೆ, ಅಮ್ಮಾ?"

"ಜಾರಿದ್ರೆ ನಿಮ್ಮಪ್ಪನ ಹೆಸರು ಕೆಡುತ್ತೆ. ಸುಮ್ನಿರು."

ಅಭ್ಯಾಸಬಲದಿಂದ ಎಡಗೈ ದೀಪ ಎತ್ತಿಕೊಂಡಿತ್ತು. ಒಂದೇ ಕೈಯಲ್ಲಿ ಆಗುವ ಕೆಲಸವಲ್ಲ. ದೀಪವನ್ನು ಅವನ ಸ್ಟೂಲಿನ ಮೇಲಿಟ್ಟಳು. ತುದಿ ಸೀಳಿನೊಳಗೆ ಒಂದಿಷ್ಟೂ ಅಲುಗದೆ ಕೂತಿತು. ಮೈಭಾರವನ್ನೆಲ್ಲ ಅಂಗೈಗೆ ತಂದು, ಮೊದಲು ಬಿಗಿ ಮಾಡಿದಳು.

ಏನೂ ಆಗಲಿಲ್ಲ. ಉಸಿರು ಬಿಟ್ಟು, ಮತ್ತೆ ಒತ್ತಿದಳು.

ಟಿಕ್.

ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಿರುಪು ಹಿಂದಕ್ಕೆ, ಮೆಲ್ಲಗೆ, ಸುತ್ತು ಸುತ್ತಾಗಿ ಮೇಲೆದ್ದಿತು. ಸೀಳಿನ ಅಂಚು ಎಲ್ಲೂ ಮುಕ್ಕಾಗಿರಲಿಲ್ಲ.

ಹೊರಗೆ ವ್ಯಾನು ಬಂದು ನಿಂತಿತು. ಅವಳು ಹಾಲ್‌ಗೆ ಬಂದಾಗ ಜನ ದಾರಿ ಬಿಟ್ಟರು. ಕೈ ಚಾಚಿದ್ದ ವಕೀಲರೂ ಸರಿದರು. ಬಾಗಿಲಿನಿಂದ ಬಿಸಿಲು ಒಳಗೆಲ್ಲ ಬಿದ್ದಿತ್ತು. ಅವಳು ಗಂಡನ ಪಕ್ಕ ಕುಳಿತು, ತಿರುಪನ್ನು ಅಂಗೈಯಲ್ಲಿಟ್ಟು ಅವನ ಮುಖದ ಹತ್ತಿರ ಒಯ್ದಳು. ಇನ್ನೊಂದು ಕೈಯಲ್ಲಿ, ಅಲ್ಲಾಡದಂತೆ, ದೀಪ ಹಿಡಿದಿದ್ದಳು.