ಗೂಡ್ಸಮ್ಮನಿಗೆ ಹಸಿರು ಬಾವುಟ

ಮೊಮ್ಮಗಳಿಗೆ ಒಂದಕ್ಕೆ ಎರಡಕ್ಕೆ ಬಂದಾಗ ಪ್ಲಾಸ್ಟಿಕ್ ಪಾಟಿಯಲ್ಲಿ ಕೂರುವುದನ್ನು ಕಲಿಸುವ ಕೆಲಸವನ್ನು ತಾತ ತಾವಾಗಿಯೇ ಮೈಮೇಲೆ ಎಳೆದುಕೊಂಡರು. ನೌಕರಿಯುದ್ದಕ್ಕೂ ರೈಲ್ವೆ ಸ್ಟೇಷನ್ ಮಾಸ್ತರರಾಗಿದ್ದವರು. ಅಷ್ಟುದ್ದದ ಗಾಡಿಗಳನ್ನೇ ಹೇಳಿದಲ್ಲಿ ನಿಲ್ಲಿಸಿ, ಹೇಳಿದ ಹೊತ್ತಿಗೆ ಹೊರಡಿಸಿದವರಿಗೆ ಮೊಳದುದ್ದದ ಮಗು ಯಾವ ಲೆಕ್ಕ? ಮಗುವನ್ನು ಅವರು ಕರೆಯುತ್ತಿದ್ದದ್ದೇ ಗೂಡ್ಸಮ್ಮ ಎಂದು. ಗೂಡ್ಸ್ ಗಾಡಿಯ ಹಾಗೆ ಅವಳದೂ ನಿಧಾನದ ನಡಿಗೆ, ತುಂಬಿದ ಮೈ, ಮತ್ತು ಎಲ್ಲೆಂದರಲ್ಲಿ ನಿಂತು ಸರಕು ಇಳಿಸಿಬಿಡುವ ಸ್ವಭಾವ. ಸೋಫಾದ ಮೇಲೆ ಇಳಿಸಿದ್ದಳು, ನೆಂಟರ ಮಡಿಲಲ್ಲಿ ಇಳಿಸಿದ್ದಳು, ಒಮ್ಮೆ ತಾತನ ಚಪ್ಪಲಿಯಲ್ಲೂ ಇಳಿಸಿದ್ದಳು.

ಈಗ ಮಾತ್ರ ಇದು ನಗುವ ವಿಷಯವಾಗಿ ಉಳಿದಿರಲಿಲ್ಲ. ತಾತನ ಮಗಳಿಗೆ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಹೆರಿಗೆಗೆಂದು ಬಿಟ್ಟುಬಂದ ಜಾಗಕ್ಕೆ ಮತ್ತೆ ಕರೆ ಬಂದಿತ್ತು. ಹೋಗಬೇಕೆಂದರೆ ಮಗು ಶಿಶುವಿಹಾರ ಸೇರಬೇಕು, ಏಕೆಂದರೆ ದಿನವಿಡೀ ಅವಳ ಹಿಂದೆ ಓಡುವಷ್ಟು ದಮ್ಮು ತಾತನ ಮೊಣಕಾಲಿಗಿಲ್ಲ. ಶಿಶುವಿಹಾರ ನಡೆಸುವ ದೊಡ್ಡಕ್ಕನೋ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

"ಪಾಟಿ ಕಲ್ತ ಮಕ್ಕಳಿಗೆ ಮಾತ್ರ ಜಾಗ. ಒಂದಿನ ಬಿಟ್ಟು ಹೋಗಿ, ನೋಡ್ತೀನಿ. ಚಡ್ಡೀಲಿ ಮಾಡಿದ್ರೂ ಆಗಲ್ಲ, ಪಾಟೀಲಿ ಮಾಡ್ದೇ ಇದ್ರೂ ಆಗಲ್ಲ."

ಮಗಳು ಮುದ್ದು ಮಾಡಿ ನೋಡಿದ್ದಳು, ಗದರಿ ನೋಡಿದ್ದಳು, ಪಾಟಿಗೆ ಮೊಲದ ಚಿತ್ರ ಅಂಟಿಸಿ ನೋಡಿದ್ದಳು. ಮೊಲ ಒದ್ದೆಯಾಗಲಿಲ್ಲ, ಸೋಫಾ ಒದ್ದೆಯಾಗುವುದು ನಿಲ್ಲಲಿಲ್ಲ. ಆಮೇಲೆ ತಾತ ಬಚ್ಚಲಮನೆಯ ಬಾಗಿಲು ಮುಂದೆ ಮಾಡಿಕೊಂಡು ಏನು ಮಂತ್ರ ಹಾಕಿದರೋ, ಗೂಡ್ಸಮ್ಮ ಕೆಲವೇ ದಿನಗಳಲ್ಲಿ ಪಳಗಿಬಿಟ್ಟಳು.

"ಅದ್ಹೇಗಪ್ಪಾ ಕಲಿಸ್ದೆ?" ಎಂದು ಮಗಳು ಕೇಳಿದರೆ, "ಇಲಾಖೆ ಗುಟ್ಟು" ಎಂದು ತಾತ ಮೀಸೆ ತಿರುವಿದರು.

ಗುಟ್ಟೆಂದರೆ ಇಷ್ಟೇ: ನಿವೃತ್ತಿಯ ದಿನ ಸಹೋದ್ಯೋಗಿಗಳು ನೆನಪಿಗೆಂದು ಕೊಟ್ಟಿದ್ದ ಒಂದು ಹಸಿರು, ಒಂದು ಕೆಂಪು ಬಾವುಟ. ಮಗು ಸಿಕ್ಕಲ್ಲಿ ಕುಕ್ಕರುಗಾಲಲ್ಲಿ ಕೂರಲು ಹೋದರೆ ಕೆಂಪು. ಓಡಿಬಂದು ಪಾಟಿಯ ಮೇಲೆ ಕೂತರೆ ತಾತ ಎದುರಿಗೆ ಸೆಟೆದು ನಿಂತು "ಲೈನ್ ಕ್ಲಿಯರ್" ಎಂದು ಹಸಿರು ಬೀಸುವುದು. ಬೀಸಿದ್ದೇ ತಡ, ಗಾಡಿ ಹೊರಡುತ್ತಿತ್ತು. ಮಗು ಕಲಿತದ್ದು ಪಾಟಿಯನ್ನಲ್ಲ, ಸಿಗ್ನಲ್ಲನ್ನು ಎಂಬುದು ಆ ಅನುಭವಸ್ಥ ತಲೆಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ದಿನ ಮಗಳು ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಲ್ಯಾಬಿಗೆ ಹೋದಳು. ತಾತ ಕಾಫಿ ಮೇಲೆ ಕಾಫಿ ಕುಡಿಯುತ್ತ ಫೋನು ನೋಡುತ್ತ ಕೂತರು. ಕೊನೆಗೆ ಅದು ಹೊಡೆದುಕೊಂಡಿತು. ಆ ಕಡೆ ದೊಡ್ಡಕ್ಕ.

"ನಿಮ್ಮ ಮಗು ಆಗಿಂದ ಪಾಟಿ ಮೇಲೇ ಕೂತಿದೆ. ಮಾಡ್ತಾ ಇಲ್ಲ, ಏಳ್ತಾನೂ ಇಲ್ಲ. ಕೇಳಿದ್ರೆ ಸಿಗ್ನಲ್ ಬಂದಿಲ್ಲ ಅಂತ ಹೇಳ್ತಿದೆ. ಹಾಗಂದ್ರೇನು? ಊಟದ ಹೊತ್ತಿನವರೆಗೂ ನೋಡ್ತೀನಿ, ಆಮೇಲೆ ನನ್ನನ್ನ ಏನೂ ಕೇಳ್ಬೇಡಿ."

ತಾತ ಬಾಗಿಲ ಹಿಂದಿನ ಗೂಟದಿಂದ ಸುತ್ತಿಟ್ಟ ಬಾವುಟವನ್ನು ಕಿತ್ತುಕೊಂಡು, ಮೊಣಕಾಲಿಗೆ ಇಲ್ಲದ ದಮ್ಮನ್ನು ಇದೆ ಎಂದುಕೊಂಡು ಓಡಿದರು. ಶಿಶುವಿಹಾರದಲ್ಲಿ ಬಣ್ಣಬಣ್ಣದ ಪಾಟಿಗಳ ಸಾಲು. ಸಾಲಿನ ಕೊನೆಯಲ್ಲಿ ಗೂಡ್ಸಮ್ಮ, ಕೆನ್ನೆ ಊದಿಸಿಕೊಂಡು, ಮುಷ್ಟಿ ಬಿಗಿದುಕೊಂಡು, ಕರ್ತವ್ಯನಿಷ್ಠೆಯೇ ಮೈವೆತ್ತಂತೆ ಕೂತಿದ್ದಳು. ತಾತನನ್ನು ಕಂಡದ್ದೇ ಮುಖ ಅರಳಿತು. ತಾತ ಸೆಟೆದು ನಿಂತು, "ಲೈನ್ ಕ್ಲಿಯರ್" ಎಂದು ಬಾವುಟ ಬಿಚ್ಚಿದರು.

ಕೆಂಪು.

ನೌಕರಿಯಲ್ಲಿ ಎಂದೂ ಮಾಡದ ತಪ್ಪು. ಗೂಡ್ಸಮ್ಮ ಬೆಚ್ಚಿಬಿದ್ದು ಎರಡೂ ಮೊಣಕಾಲು ಜೋಡಿಸಿಕೊಂಡಳು. ದೊಡ್ಡಕ್ಕ ಗೋಡೆಯ ಗಡಿಯಾರ ನೋಡಿದರು. ತಾತ ಬಾಗಿಲಾಚೆ ಹಾರಿ, ಬೀದಿಯ ತರಕಾರಿ ಗಾಡಿಯವಳಿಂದ ಒಂದು ಕಟ್ಟು ಕೊತ್ತಂಬರಿ ಇಸಿದುಕೊಂಡು ಬಂದು, ಏದುಸಿರು ಬಿಡುತ್ತ ಅದನ್ನೇ ಬೀಸಿದರು.

"ತಾತಾ, ಅದು ಸೊಪ್ಪು" ಎಂದಳು ಗೂಡ್ಸಮ್ಮ, ಬುದ್ಧಿ ಹೇಳುವವಳಂತೆ.

ತಾತ ಸೊಪ್ಪಿನ ಸಮೇತ ನೆಲದ ಮೇಲೆ ಕುಸಿದು ಕೂತರು. ಮಗಳ ಮುಖ ಕಣ್ಣ ಮುಂದೆ ಬಂತು. ಬೆಳಿಗ್ಗೆ ಅವಳು ಹಳೆಯ ಕೆಲಸದ ಕೋಟನ್ನು ಇಸ್ತ್ರಿ ಮಾಡಿಕೊಳ್ಳುತ್ತ ಹಾಡು ಗುನುಗಿದ್ದಳು. ಆ ಹಾಡು ತನ್ನಿಂದಲೇ ನಿಂತುಹೋಗುತ್ತದಲ್ಲ ಎಂದು ಅವರಿಗೆ ಅಳುವೇ ಬಂತು.

"ಬಾವುಟ ಇಲ್ಲ ಕಣೇ ಪುಟ್ಟಿ. ತಾತ ಈಗ ಮಾಸ್ತರೂ ಅಲ್ಲ. ನಂದು ರಿಟೈರ್ ಆಗಿಹೋಯ್ತು."

ಗೂಡ್ಸಮ್ಮ ಹುಬ್ಬು ಗಂಟಿಕ್ಕಿದಳು. "ಮತ್ತೆ ಈಗ ಯಾರು ಮಾಸ್ತರು?"

ತಾತ ತಲೆಯೆತ್ತಿ ನೋಡಿದರು. ಉತ್ತರ ಇಷ್ಟು ಹೊತ್ತೂ ಪಾಟಿಯ ಮೇಲೇ ಕೂತಿತ್ತು.

"ನೀನೇ."

ಮಗು ಬೆನ್ನು ನೆಟ್ಟಗೆ ಮಾಡಿಕೊಂಡಿತು. ಆಮೇಲೆ ಬಿಗಿದಿದ್ದ ಮುಷ್ಟಿ ಬಿಚ್ಚಿ, ಪುಟ್ಟ ಕೈಯನ್ನು ತಲೆಯ ಮೇಲೆತ್ತಿ ಗತ್ತಿನಿಂದ ಬೀಸಿತು. "ಲೈನ್ ಕ್ಲಿಯರ್."

ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಧಾರೆಯ ಸದ್ದಿನಷ್ಟು ಇಂಪಾದದ್ದನ್ನು ತಾತ ಜನ್ಮದಲ್ಲಿ ಕೇಳಿರಲಿಲ್ಲ. ಅದು ನಿಲ್ಲಲೊಲ್ಲದು. ಪಕ್ಕದ ಪಾಟಿಯ ಮಗು ತನಗೂ ಕೈ ಬೀಸು ಎಂದಿತು. ಅದರ ಪಕ್ಕದ್ದೂ ಕೇಳಿತು. ಗೂಡ್ಸಮ್ಮ ಒಂದೊಂದೇ ಗಾಡಿಯನ್ನು ಹೊರಡಿಸುತ್ತ ಹೋದಳು. ಬೆಳಿಗ್ಗೆಯಿಂದ ಹಟ ಹಿಡಿದಿದ್ದ ಮಕ್ಕಳೆಲ್ಲ ಸಾಲಾಗಿ ಹೊರಟುಬಿಟ್ಟವು.

"ನಾಳೆಯಿಂದ ತಪ್ಪದೇ ಕಳಿಸಿ" ಎಂದರು ದೊಡ್ಡಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ನಕ್ಕು ನಕ್ಕು ಅವರಿಗೆ ನೀರು ಬಂದಿತ್ತು. "ಬಾವುಟ ನೀವೇ ಇಟ್ಕೊಳ್ಳಿ."

ಸಂಜೆ ಮಗಳು ಕೆಲಸದ ಕೋಟಿನಲ್ಲೇ ಕುಣಿಯುತ್ತ ಒಳಗೆ ಬಂದಾಗ ಬಚ್ಚಲಮನೆಯ ಮುಂದೆ ತಾತ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದರು. ಬೆಳಗಿನಿಂದ ಕುಡಿದ ಕಾಫಿಗಳೆಲ್ಲ ಒಟ್ಟಿಗೆ ಹೊರಡಲು ತಯಾರಾಗಿದ್ದವು. ಬಾಗಿಲಿಗೆ ಅಡ್ಡವಾಗಿ ಗೂಡ್ಸಮ್ಮ, ಕೈಯಲ್ಲಿ ಕೆಂಪು ಬಾವುಟ. ಒಳಗೆ ಅವಳ ಗೊಂಬೆ ಪಾಟಿಯ ಮೇಲೆ ಕೂತಿತ್ತು, ಅದರದು ಇನ್ನೂ ಮುಗಿದಿರಲಿಲ್ಲ.

"ಓಹೋ, ಇದಾ ಇಲಾಖೆ ಗುಟ್ಟು?" ಎಂದು ಮಗಳು ಗೋಡೆ ಹಿಡಿದುಕೊಂಡು ನಗತೊಡಗಿದಳು.

"ಅವಳಿಗೆ ಸ್ವಲ್ಪ ಹೇಳಮ್ಮಾ" ಎಂದು ತಾತ ಅಂಗಲಾಚಿದರು.

ಸಿಗ್ನಲ್ಲಿಗೆ ಕಾದು ನಿಂತ ಗಾಡಿಗಳು ಹಾಗೇಕೆ ಕೂಗಿಕೊಳ್ಳುತ್ತಿದ್ದವು ಎಂಬುದು ಅವರಿಗೆ ಈಗ ಚೆನ್ನಾಗಿ ಅರ್ಥವಾಗಿತ್ತು.