ಮೇರಿ ಅನ್ನಾಕಿ

"ಮೇರಿ... ಬಾರಿ..."

ಕುಬೇರಪ್ಪ ಮಧ್ಯಾಹ್ನದ ನಿದ್ದೆಯಲ್ಲಿ ಮತ್ತೆ ಆ ಹೆಸರು ಹಿಡಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಬಸವಣ್ಣೆಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯಿತು. ಸೀಯಲಿ, ಅಂದುಕೊಂಡಳು. ಪಡಸಾಲೆಯಲ್ಲಿ ಕೌದಿ ಹಾಸಿ ಮಲಗಿದ್ದ ಗಂಡನ ಬಾಯಿಂದ ಮುಂದೇನು ಬರುತ್ತದೋ ಎಂದು ಕಾದಳು. ಅವನು ಗೊರಕೆ ಹೊಡೆದ. ಹಾಳಾದ ಗಂಡಸರಿಗೆ ಸರಿಯಾದ ಹೊತ್ತಿಗೆ ಗೊರಕೆ ಬರುತ್ತದೆ.

ನಮ್ಮ ಕಡೆಯ ನಾಲಿಗೆ ಮನೆಯನ್ನು ಮನಿ ಮಾಡುತ್ತದೆ, ಸಾಲೆಯನ್ನು ಸಾಲಿ ಮಾಡುತ್ತದೆ. ಬಾರೆ ಅನ್ನುವುದು ಬಾರಿ ಆಗಲಿಕ್ಕೆ ಎಷ್ಟು ಹೊತ್ತು ಬೇಕು? ಮೇರಿ, ಬಾರೇ. ಇದರಲ್ಲಿ ತಿಳಿಯದ್ದೇನು ಬಂತು? ತಾಯಿಯ ಕಣ್ಣು ತೋರಿಸಲು ಗದಗಿನ ಕಡೆ ಮಿಶನ್ ಆಸ್ಪತ್ರೆಗೆ ಹೋದಾಗ ಮೇರಿ ಎಂಬ ನರ್ಸಬಾಯಿಯನ್ನು ಬಸವಣ್ಣೆಮ್ಮ ಕಣ್ಣಾರೆ ಕಂಡಿದ್ದಳು. ಬಿಳೀ ಸೀರೆ, ಕಾಲಲ್ಲಿ ಬೂಟು, ಗಂಡಸರ ಕೈಯನ್ನು ಹಿಡಿದು ನಾಡಿ ನೋಡುವ ಧೈರ್ಯ. ಗದಗಿನಲ್ಲೇ ಇಂಥವಳು ಇದ್ದರೆ ಗಂಡ ದುಡಿಯುವ ಹೈದರಾಬಾದಿನಲ್ಲಿ ಕೇಳಬೇಕೇ?

ಎರಡು ವರ್ಷದ ಕೆಳಗೆ, ಯುದ್ಧದ ಗದ್ದಲದಲ್ಲಿ, ದಂಡಿನ ಸಾಮಾನು ತುಂಬುವ ಪೆಟ್ಟಿಗೆ ಮಾಡಲು ರಾಜಧಾನಿಯಲ್ಲಿ ಮರಗೆಲಸದವರು ಬೇಕಾಗಿದ್ದಾರೆ ಎಂದು ಸುದ್ದಿ ಹಬ್ಬಿತ್ತು. ಕಿನ್ನಾಳದಲ್ಲಿ ತೊಟ್ಟಿಲು, ಮಣೆ ಮಾಡಿಕೊಂಡಿದ್ದ ಕುಬೇರಪ್ಪ ಉಳಿ, ಬಾಚಿಗಳನ್ನು ಗಂಟು ಕಟ್ಟಿಕೊಂಡು ಕೊಪ್ಪಳದಲ್ಲಿ ರೈಲು ಹತ್ತಿದ. ಕೆಲವು ತಿಂಗಳ ಮೇಲೆ, ಊರಿಗೆ ಬರುವವರ ಕೂಡ ಹೇಳಿ ಕಳಿಸಿದ: "ಖೋಲಿ ಹಿಡದೀನಿ, ಚಿಂತಿ ಮಾಡಬ್ಯಾಡ ಅನ್ರಿ." ಖೋಲಿ! ಬಾಡಿಗೆಯ ಕೋಣೆ, ಅದೂ ನಿಜಾಮರ ಊರಿನಲ್ಲಿ! ಬಸವಣ್ಣೆಮ್ಮ ಆ ಮಾತನ್ನು ಬಾವಿಯ ಹತ್ತಿರ ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು. ಇವತ್ತು ಕರೆದುಕೊಂಡು ಹೋಗುತ್ತಾನೆ, ನಾಳೆ ಕರೆದುಕೊಂಡು ಹೋಗುತ್ತಾನೆ ಎಂದು ಇಳಕಲ್ ಸೀರೆಯೊಂದನ್ನು ಉಡದೇ ಎತ್ತಿಟ್ಟಳು.

ಈ ಸಲ ಪಂಚಮಿಗೆ ಬಂದವನು ಕರೆದೊಯ್ಯುವ ಮಾತನ್ನೇ ಆಡಲಿಲ್ಲ. ಕಡೆಗೆ ಇವಳೇ ನಾಚಿಕೆ ಬಿಟ್ಟು ಕೇಳಬೇಕಾಯಿತು.

"ಅಷ್ಟು ದೊಡ್ಡ ಊರಾಗ ನನಗೊಬ್ಬಾಕಿಗೆ ಜಾಗ ಇಲ್ಲೇನ್ರಿ?"

"ಇಲ್ಲ."

"ನಮ್ಮ ಕಿನ್ನಾಳದಾಗ ಐತಿ. ನನ್ನ ತವರು ತಾವರಗೇರಾದಾಗ ಐತಿ. ರಾಜರಿರೋ ಊರಾಗ ಇಲ್ಲಾ?"

"ಊರು ದೊಡ್ಡದಾದಂಗ ಜಾಗ ಸಣ್ಣದಾಕ್ಕೈತಿ. ನಿನಗ ತಿಳಿಯಂಗಿಲ್ಲ ಬಿಡು."

"ತಿಳಿಯಂಗ ಹೇಳ್ರೆಲಾ ಮತ್ತ."

ಕುಬೇರಪ್ಪ ಒಂದಷ್ಟು ಹೇಳಿದ. ಯುದ್ಧ ಶುರುವಾದ ಮೇಲೆ ಮಂದಿ ಎಲ್ಲೆಲ್ಲಿಂದಲೋ ಬಂದು ತುಂಬಿದ್ದಾರೆ, ತೆಲಂಗರು, ಮರಾಠರು, ನಮ್ಮವರು. ನಳದಲ್ಲಿ ನೀರು ಬರುವುದು ಗಳಿಗೆ ಹೊತ್ತು. ಆ ಗಳಿಗೆಯಲ್ಲಿ ಕೊಡದಿಂದ ತಲೆ ಒಡೆದುಕೊಂಡವರಿದ್ದಾರೆ. ಗಲ್ಲಿಯಲ್ಲಿ ಹೆಣ ಒಯ್ಯಬೇಕಾದರೂ ಮಲಗಿದವರನ್ನು ಎಬ್ಬಿಸಬೇಕು. ಜೋಳ ತರಲು ಹೋದರೆ ಅರ್ಧ ದಿನ, ಹೊರಕಡೆಗೆ ಹೋದರೆ ಇನ್ನರ್ಧ.

"ನಮ್ಮ ಖೋಲಿಯಾಗ..." ಎಂದು ಶುರು ಮಾಡಿದವನು ತಟ್ಟನೆ ಬಾಯಿ ಮುಚ್ಚಿದ.

ಬಸವಣ್ಣೆಮ್ಮ ಅಷ್ಟನ್ನೇ ಹಿಡಿದುಕೊಂಡಳು. ನಳ, ಜೋಳ, ಹೆಣ ಎಲ್ಲ ಗಾಳಿಗೆ ಹೋಯಿತು. "ನಮ್ಮ ಅಂದ್ರ ಯಾರ್ರಿ? ನೀವು ಮತ್ತ ಯಾರು?"

"ಯಾರಿಲ್ಲ. ಬಾಯಿತಪ್ಪಿ ಅಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಬೇರಪ್ಪನ ಮುಖ ಹಾಗೇ ಆಗಿತ್ತು. ಅವತ್ತಿನಿಂದ ಅವಳು ಗಂಡನನ್ನು ಪೊಲೀಸರ ಕಣ್ಣಿನಿಂದ ನೋಡತೊಡಗಿದಳು. ನೋಡಿದಷ್ಟೂ ಸಿಕ್ಕಿತು. ಮಲಗುವಾಗ ಚಪ್ಪಲಿಯನ್ನು ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಹಗಲು ನಿದ್ದೆ, ಬೆಳಗಿನ ಜಾವಕ್ಕೆ ಕಣ್ಣು ಬಿಟ್ಟು ಕೂರುವುದು. ಬಾವಿಯಿಂದ ತಂದ ನೀರಿನ ಕೊಡದ ಪಕ್ಕದಲ್ಲಿ ಇವಳು ಬರುವ ತನಕ ಕದಲದೆ ನಿಲ್ಲುವುದು. ಇನ್ನು ಅವನು ತಂದಿದ್ದ ತಗಡಿನ ಟ್ರಂಕು! ತನ್ನ ಸ್ವಂತ ಮನೆಯಲ್ಲಿ, ಹೆಂಡತಿ ಒಬ್ಬಳೇ ಇರುವ ಮನೆಯಲ್ಲಿ, ಅದಕ್ಕೆ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ. ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ. ಹೆಂಡತಿಗೆ ಕೀಲಿ ಕೊಡದ ಗಂಡಸಿನ ಟ್ರಂಕಿನಲ್ಲಿ ಏನಿರುತ್ತದೆ ಎಂದು ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ.

ತಾವರಗೇರಾಕ್ಕೆ ಹೇಳಿ ಕಳಿಸಿದಳು. ಅಣ್ಣ ಅಂದಪ್ಪ ಗಾಡಿ ಕಟ್ಟಿಕೊಂಡು ಬಂದ. ಅಂದಪ್ಪ ಎಂಥವನೆಂದರೆ, ಎಳ್ಳು ಕೊಳ್ಳುವಾಗ ಚೀಲದ ತಳಕ್ಕೆ ಕೈ ಹಾಕಿ ನೋಡುವವನು. ಕಾಲು ತೊಳೆದು ಕೂತವನೇ ತಂಗಿಯ ಗಂಡನನ್ನು ವಿಚಾರಣೆಗೆ ಹಿಡಿದ.

"ನೋಡ್ರಿ ಕುಬೇರಪ್ಪ, ಸುತ್ತು ಬಳಸೂ ಮಾತು ಬ್ಯಾಡ. ನಮ್ಮ ಹುಡುಗೀನ್ನ ಕರಕೊಂಡು ಹೋಗ್ರಿ. ಇಲ್ಲಾ, ಆ ಟ್ರಂಕ್ ತಗದು ತೋರಸ್ರಿ."

"ಅದರಾಗ ಏನೂ ಇಲ್ರಿ."

"ಏನೂ ಇಲ್ಲದ್ದಕ್ಕ ಕೀಲಿ ಯಾಕ್ರಿ?"

ಕುಬೇರಪ್ಪ ಟ್ರಂಕನ್ನು ಎಳೆದು ಮುಂದಿಟ್ಟ. ಆಮೇಲೆ ಪಂಚೆ ಸರಿಸಿ ಕೀಲಿ ಬಿಚ್ಚಿ ಬೀಗ ತೆಗೆದ. ಬಸವಣ್ಣೆಮ್ಮ ಬಗ್ಗಿ ನೋಡಿದಳು. ಟ್ರಂಕಿನಲ್ಲಿ ಒಂದು ಹಿತ್ತಾಳೆಯ ಚರಿಗೆ, ಅರ್ಧ ಸವೆದ ಸಾಬೂನು, ಒಂದು ಹಗ್ಗ, ಚಿಂದಿಯಲ್ಲಿ ಕಟ್ಟಿದ ಉಪ್ಪು ಮೆಣಸಿನಕಾಯಿ. ಅಷ್ಟೇ. ಹೆಣ್ಣಿನ ಬಳೆ ಚೂರು ಕೂಡ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ಅಂದಪ್ಪನಿಗೆ ಅನುಮಾನ ಇಮ್ಮಡಿಯಾಯಿತು. ತಂಗಿಯನ್ನು ಹಿತ್ತಲಿಗೆ ಕರೆದ.

"ಚರಗಿಗೆ ಯಾರರ ಕೀಲಿ ಹಾಕ್ತಾರೇನಬೇ? ಉಪ್ಪಿಗೆ ಕೀಲಿ ಹಾಕ್ತಾರೇನು? ನಾ ಬರೂದು ಗೊತ್ತಾಗಿ ಇರೂದ್ನೆಲ್ಲಾ ತಗದು ಇದನ್ನ ತುಂಬ್ಯಾನ. ನೀ ಇಲ್ಲಿ ಇರಬ್ಯಾಡ. ಎತ್ತಿಗೆ ನೀರು ಕುಡಿಸಿದ ಕೂಡಲೆ ಗಾಡಿ ಹೂಡತೀನಿ. ಹಿರಿಯಾರ ಮುಂದ ಇತ್ಯರ್ಥ ಮಾಡೂನು."

ಹಿರಿಯರ ಮುಂದೆ ಇತ್ಯರ್ಥ ಅಂದರೆ ಮದುವೆ ಮುರಿದಂತೆಯೇ. ಬಸವಣ್ಣೆಮ್ಮನಿಗೆ ಅದು ಗೊತ್ತಿಲ್ಲದೆ ಇಲ್ಲ. ಆದರೂ "ಹೂಂ" ಅಂದಳು. ಬಟ್ಟೆ ಗಂಟು ಕಟ್ಟಿದಳು. ಸಾಕಿದ ಕೋಳಿಯನ್ನು ಯಾರಿಗಾದರೂ ಒಪ್ಪಿಸಬೇಕಲ್ಲ ಎಂದು ಕಂಕುಳಲ್ಲಿ ಇರುಕಿಕೊಂಡು ಬೇಲಿಯಾಚೆ ಪಿಂಜಾರರ ಹಸನಬೀಯ ಮನೆಗೆ ಹೋದಳು. ಅಂದಪ್ಪ ಎತ್ತಿಗೆ ನೀರು ಕುಡಿಸಲು ಹೋದ. ಕುಬೇರಪ್ಪ ಟ್ರಂಕಿಗೆ ಮತ್ತೆ ಬೀಗ ಹಾಕಿ ಮಲಗಿದ.

ಹಸನಬೀ ಅರಳೆ ಬಿಡಿಸುತ್ತಾ ಕೂತಿದ್ದಳು. ಕೋಳಿ ನೋಡಿದಳು, ಕೋಳಿ ಹಿಡಿದವಳ ಮುಖ ನೋಡಿದಳು.

"ಎಲ್ಲಿಗೆ ಹೊಂಟೀಬೇ? ಗಂಡ ಹೆಂಡರ ಜಗಳ ಉಂಡು ಮಲಗೂ ತನಕ ಅಂತಾರ. ನೀ ಕೋಳಿ ಸೈತ ಒಪ್ಪಿಸಾಕ ಬಂದಿ?"

ಇಷ್ಟು ದಿನ ಮನೆಯ ಮಾತು ಓಣಿಗೆ ಹೋಗಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದ ಬಸವಣ್ಣೆಮ್ಮ ಅಲ್ಲೇ ಕೂತು ಅತ್ತುಬಿಟ್ಟಳು. "ಅಲ್ಲಿ ಒಬ್ಬಾಕಿ ಅದಾಳ ಅಕ್ಕಾ. ಮೇರಿ ಅನ್ನಾಕಿ. ನಿದ್ದಿಗಣ್ಣಾಗ ಆಕೀನ್ನ ಕರೀತಾರ."

"ಹೆಸರು ಹಿಡದು?"

"ಹೂಂ. ಮೇರಿ ಬಾರಿ, ಮೇರಿ ಬಾರಿ ಅಂತ. ನಿನ್ನೆ ಆಕಿ ಬಂದೇಬಿಟ್ಟಳು ಕಾಣತೈತಿ, ಹೈ ಅಂತ ಉಸರು ಬಿಟ್ರು."

ಹಸನಬೀಯ ಕೈಯೊಳಗಿನ ಅರಳೆ ಕೆಳಗೆ ಬಿತ್ತು. "ಏನಂದ? ಸರಿಯಾಗಿ ಹೇಳು."

"ಮೇರಿ ಬಾರಿ ಹೈ."

"ಯಾ ಅಲ್ಲಾ!" ಹಸನಬೀ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗು ನಿಲ್ಲಿಸಲು ಹೋಗಿ ಕೆಮ್ಮಿದಳು, ಮತ್ತೆ ನಕ್ಕಳು. "ಹುಚ್ಚವ್ವಾ, ಅದು ನಮ್ಮ ಮಾತಲೇ! ಮೇರಿ ಅಂದ್ರ ನನ್ನದು. ಬಾರಿ ಅಂದ್ರ ಪಾಳಿ. ನನ್ನ ಪಾಳಿ ಐತಿ ಅಂದಾನ. ಅಲ್ಲಿ ನಳದ ಮುಂದ ನಿಂತು ಒದರಿ ಒದರಿ ಅದ ಮಾತು ಬಾಯಾಗ ಕುಂತೈತಿ. ನಿನ್ನ ಸವತಿ ಹೆಂಗಸಲ್ಲ, ನಳಾ ಐತಿ ನೋಡು, ನಳಾ!"

"ಖರೇನ?"

"ನನ್ನ ಮೊಮ್ಮಕ್ಕಳು ಗೋಲಿ ಆಡಾಗ ದಿನಾ ಅದನ್ನ ಒದರತಾವು. ಬೇಲಿ ಆಚಿ ಕೂತು ಕೇಳೇ ಇಲ್ಲೇನು?"

ಕೇಳಿದ್ದಳು. ನೂರು ಸಲ ಕೇಳಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಕಿವಿಗೂ ಕಾಮಾಲೆ ಬರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬಸವಣ್ಣೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ತಾನೂ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಒಪ್ಪಿಸಿದ ಕೋಳಿಯನ್ನು ಹಿಂದಕ್ಕೆ ಇಸಿದುಕೊಂಡು ಮನೆಗೆ ಓಡಿದಳು.

ಕುಬೇರಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೋಳಿಯನ್ನು ಬಿಟ್ಟು, ಹೆಜ್ಜೆ ಸಪ್ಪಳವಾಗದಂತೆ ಹತ್ತಿರ ಹೋದಳು. ಏನೆಂದು ಎಬ್ಬಿಸಲಿ? ಮೇರಿ ಬಂದಾಳ ಏಳ್ರಿ ಅನ್ನಲೇ? ನಗು ತಡೆದುಕೊಂಡು ಅವನ ಅಂಗಾಲಿಗೆ ಬೆರಳು ಮುಟ್ಟಿಸಿದಳು.

ಅವನು ಎದ್ದು ಕೂತ. ಕಣ್ಣು ತೆರೆಯಲಿಲ್ಲ. ಕಚಗುಳಿಗೆ ಕಾಲು ಎಳೆದುಕೊಳ್ಳಲಿಲ್ಲ, ಬೈಯಲೂ ಇಲ್ಲ. ತಾನು ಮಲಗಿದ್ದ ಜಾಗವನ್ನು ಅಂಗೈಯಿಂದ ಎರಡು ಸಲ ಸವರಿ ಕೌದಿಯ ಸುಕ್ಕು ತೆಗೆದ. "ಆವೋ ಭಾಯಿ" ಎಂದು ಗೌರವದಿಂದ ಅಂದ. ತಲೆಯ ಕೆಳಗಿನ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು, ಗೋಡೆ ಹಿಡಿದು ಹೊಸ್ತಿಲು ದಾಟಿ, ಹೊರಗಿನ ಕಟ್ಟೆಯ ಮೇಲೆ ಸುಡುವ ಬಿಸಿಲಿನಲ್ಲಿ ಹೋಗಿ ಕೂತ.

ಬಸವಣ್ಣೆಮ್ಮ ಬೆಚ್ಚಗಿನ ಕೌದಿಯ ಪಕ್ಕದಲ್ಲಿ ನಿಂತೇ ಇದ್ದಳು. ಭಾಯಿ ಅಂದರೆ ಅಣ್ಣ, ಗಂಡಸು ಎಂದು ಅವಳಿಗೂ ಗೊತ್ತು. ನಗು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಹೊರಗೆ ಬಂದು, "ಏನ್ರಿ, ಬಿಸಲಾಗ ಯಾಕ ಕುಂತೀರಿ? ನಾ ರೀ, ನಾನು" ಅಂದಳು.

ಬಿಸಿಲು ಬಡಿದು ಅವನಿಗೆ ಆಗ ಎಚ್ಚರವಾಯಿತು. ಕೈಯೊಳಗಿನ ಚಪ್ಪಲಿ ನೋಡಿಕೊಂಡ, ಹೆಂಡತಿಯನ್ನು ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಾ ಖೋಲಿ ಹಿಡದಿಲ್ಲಲೇ" ಅಂದ. "ಖೋಲಿ ಯಾರಿಗೆ ಸಿಗತೈತಿ ಅಲ್ಲಿ? ಒಂದು ಚಾಪಿ. ಚಾಪೀನೂ ನನ್ನದಲ್ಲ. ಅದರಾಗ ಒಂದು ಪಾಳಿ ನಂದು. ನಾ ರಾತ್ರಿ ಕಾರಖಾನಿಗೆ ಹೋಗತೀನಿ, ಹಗಲು ಮಲಗತೀನಿ. ಹೊತ್ತು ಇಳಿದ ಮ್ಯಾಲ ಇನ್ನೊಬ್ಬ ಬಂದು ಅಂಗಾಲು ಮುಟ್ಟತಾನ. ಎದ್ದು ಜಾಗಾ ಬಿಡಬೇಕು. ಕೀಲಿ ಹಾಕದಿದ್ರ ಚರಗಿ, ಉಪ್ಪು ಸೈತ ಉಳಿಯಂಗಿಲ್ಲ. ಅಂವ ಯಾರು, ಎಂಥಾವ, ಮಾರಿ ಸೈತ ನೋಡಿಲ್ಲ ನಾ. ಅಂವನ ಬೆವರಿನ ವಾಸನಿ ಅಷ್ಟ ಗೊತ್ತು."

"ಮೊದಲ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ? ನೀ ಊರ ತುಂಬ ಖೋಲಿ ಅಂತ ಹೇಳಿದ್ದಿ."

ಬಸವಣ್ಣೆಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆ ಮೇರಿ ಅನ್ನುವವಳು ನಿಜವಾಗಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಯಬಹುದಿತ್ತು, ಶಾಪ ಹಾಕಬಹುದಿತ್ತು, ಅಣ್ಣನನ್ನು ಕರೆದುಕೊಂಡು ಹೋಗಿ ಅವಳ ಜುಟ್ಟು ಹಿಡಿಯಬಹುದಿತ್ತು. ಊರಿಗೆ ಜುಟ್ಟು ಎಲ್ಲಿದೆ?

ಅಷ್ಟರಲ್ಲಿ ಅಂದಪ್ಪ ಗಾಡಿ ತಂದು ನಿಲ್ಲಿಸಿದ. "ಗಂಟು ತಗೊಂಬಾರಬೇ."

"ಗಾಡಿ ಬಿಚ್ಚಣ್ಣಾ. ನಾ ಬರಂಗಿಲ್ಲ."

"ಏನು, ಮರುಳು ಮಾಡಿದನೇನು?"

"ಬಿಚ್ಚು ಅಂದೆ."

ಅಂದಪ್ಪ ಗೊಣಗುತ್ತಾ ನೊಗ ಇಳಿಸಿದ. ಚರಿಗೆಯ ವಿಷಯ ಇನ್ನೂ ಅವನ ಗಂಟಲಿನಿಂದ ಇಳಿದಿರಲಿಲ್ಲ.

ಬಸವಣ್ಣೆಮ್ಮ ಗಂಡನ ಕಡೆ ತಿರುಗಿದಳು. ಇಷ್ಟು ಮೆತ್ತಗೆ ಅವನ ಜೊತೆ ಮಾತಾಡಿ ಎಷ್ಟು ದಿನವಾಗಿತ್ತೋ. "ಹೋಗಬ್ಯಾಡ್ರಿ ಇನ್ನ. ತೊಟ್ಟಲಾ, ಮಣಿ ಮಾಡಕೊಂಡ ಇರೂನು. ಉಂಡಷ್ಟ ಉಣ್ಣೂನು."

"ಹೋಗಲಿಲ್ಲಂದ್ರ ನನ್ನ ಪಾಳಿ ಹೋಗತೈತಿ. ಹತ್ತು ಮಂದಿ ಕಾದು ನಿಂತಾರ ಅದಕ್ಕ."

"ಹೋದ್ರ ಹೋಗಲಿ ಬಿಡ್ರಿ. ಯಾರರ ಮಲಕ್ಕೊಳ್ಳಿ."

ಕುಬೇರಪ್ಪ ಚಕ್ಕನೆ ತಲೆ ಎತ್ತಿದ. ಕಣ್ಣು ಸಣ್ಣದು ಮಾಡಿಕೊಂಡು ಅವಳನ್ನು ನೋಡಿದ, ಗಾಡಿಯ ಹತ್ತಿರ ನಿಂತಿದ್ದ ಅಂದಪ್ಪನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ದನಿ ತಗ್ಗಿಸಿ ಕೇಳಿದ:

"ಯಾಕ, ನಿಮ್ಮಣ್ಣಗ ಬೇಕೇನು ಆ ಪಾಳಿ?"

ಅವಳು ಹೋಗಿ ಅವನ ಮಗ್ಗುಲಲ್ಲಿ ಕೂತಳು. ಕಟ್ಟೆ ಎಂಟು ಮಂದಿ ಕೂರುವಷ್ಟು ಉದ್ದ. ಅವನ ತಾತ ಕಟ್ಟಿಸಿದ್ದು. ಅವನು ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಆಚೆ ಸರಿದ. ಅವಳು ಸರಿದು ಹತ್ತಿರ ಹೋದಳು. ಅವನು, ಅವಳ ಕಡೆ ನೋಡದೆ, ತಪ್ಪಾಯಿತು ಅನ್ನುವವನಂತೆ ಮತ್ತೆ ಸರಿದು ಜಾಗ ಬಿಟ್ಟ. ಹೀಗೇ ಸರಿಯುತ್ತಾ ಸರಿಯುತ್ತಾ ಇಬ್ಬರೂ ಕಟ್ಟೆಯ ಕೊನೆಗೆ ಬಂದರು. ಅವನ ಒಂದು ಕಾಲು ಆಗಲೇ ಓಣಿಯ ಮಣ್ಣಿನಲ್ಲಿತ್ತು. ಬಸವಣ್ಣೆಮ್ಮ ಅಲ್ಲಿಗೆ ನಿಲ್ಲಿಸಿದಳು. ಇನ್ನೊಂದು ಗೇಣು ಸರಿದರೆ ಅವನು ಎದ್ದು ನಿಲ್ಲುತ್ತಿದ್ದ.